ಚೊಂಬಿನ ಚೆಲುವು ಮತ್ತು ಗಲ್ಲೇಬಾನಿ

ಆಧುನಿಕ ವಿನ್ಯಾಸ ಎಂದರೇನು ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಒಂದು ಸಿದ್ಧ ಉತ್ತರವಿದೆ. ಹಿಂದೆ ವಸ್ತುವನ್ನು ಯೋಚಿಸುವವನೂ ಮಾಡುವವನೂ ಒಬ್ಬನೇ ಆಗಿದ್ದ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾರ್ಖಾನೆ ಬಂದು ಆ ಒಬ್ಬನನ್ನು ಇಬ್ಬರನ್ನಾಗಿ ಸೀಳಿತು. ವೆಜ್‌ವುಡ್‌ನ ಪಿಂಗಾಣಿ ಕಾರ್ಖಾನೆಯಲ್ಲಿ ಮಾದರಿ ತಯಾರಿಸುವವನು ಬೇರೆ, ಮಣ್ಣು ಕಲೆಸುವವನು ಬೇರೆ, ಬಣ್ಣ ಬಳಿಯುವವನು ಬೇರೆಯಾದ. ವಸ್ತು ಹುಟ್ಟುವ ಮೊದಲೇ ಅದರ ಆಕಾರ, ಅಳತೆ, ಬೆಲೆಗಳನ್ನು ಕಾಗದದ ಮೇಲೆ ತೀರ್ಮಾನಿಸುವ ಹೊಸ ಕಸುಬೊಂದು ಹುಟ್ಟಿತು. ಅದೇ ಆಧುನಿಕ ವಿನ್ಯಾಸ. ಈ ಸೀಳಿನಿಂದ ನೊಂದ ವಿಲಿಯಂ ಮಾರಿಸ್ 1861ರಲ್ಲಿ ತನ್ನದೇ ಕಂಪನಿ ಕಟ್ಟಿ ಕೈಕೆಲಸಕ್ಕೆ ಹಿಂದಿರುಗಲು ನೋಡಿದ. 1919ರಲ್ಲಿ ಜರ್ಮನಿಯ ವೈಮರ್‌ನಲ್ಲಿ ಬೌಹೌಸ್ ಶಾಲೆ ತೆರೆದ ವಾಲ್ಟರ್ ಗ್ರೋಪಿಯಸ್, ಕಲಾವಿದನಿಗೂ ಕುಶಲಕರ್ಮಿಗೂ ನಡುವಿನ ಅಹಂಕಾರದ ಗೋಡೆ ಬೀಳಬೇಕು ಎಂದ. ಸೀಳು, ಸೀಳನ್ನು ಹೊಲಿಯುವ ಹಂಬಲ, ಇಷ್ಟು ಕಥೆ.

ಈ ಕಥೆ ಅಲ್ಲಿನ ಮಟ್ಟಿಗೆ ನಿಜ. ಇದನ್ನೇ ಎತ್ತಿ ತಂದು ತುಮಕೂರಿನ ಪಕ್ಕದ ದೇವರಾಯನದುರ್ಗದ ತಪ್ಪಲಿನಲ್ಲಿಟ್ಟರೆ ಮಾತ್ರ ಅದಕ್ಕೆ ಕಾಲೂರಲು ಜಾಗ ಸಿಗುವುದಿಲ್ಲ. ಇಲ್ಲಿ ತಲೆಯನ್ನೂ ಕೈಯನ್ನೂ ಬೇರೆ ಮಾಡಲು ಯಂತ್ರ ಬರುವ ತನಕ ಯಾರೂ ಕಾಯಲಿಲ್ಲ. ಜಾತಿ ಬರೀ ಕೆಲಸದ ವಿಂಗಡಣೆ ಅಲ್ಲ, ಕೆಲಸಗಾರರನ್ನೇ ವಿಂಗಡಿಸಿದ ಏರ್ಪಾಡು ಎಂದು ಅಂಬೇಡ್ಕರ್ 1936ರಲ್ಲಿ ಬರೆದದ್ದು ನಮಗೆಲ್ಲ ಗೊತ್ತಿರುವ ಮಾತು. ಅದರ ಜೊತೆಗೇ ಇನ್ನೊಂದು ತೊಡಕನ್ನು ಗಮನಿಸಬೇಕು. ನಮ್ಮ ಕೇರಿಯಲ್ಲಿ ಕೈ ಮಾತ್ರ ದುಡಿಯಲಿಲ್ಲ, ತಲೆಯೂ ದುಡಿದಿತ್ತು. ತೊಗಲನ್ನು ಎಲ್ಲಿ ಕೊಯ್ಯಬೇಕು, ಎಲ್ಲಿ ಮಡಿಸಬೇಕು, ಎಷ್ಟು ದಿನ ನೆನೆಹಾಕಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದವನು ಮಾದಿಗನೇ ಹೊರತು ಗೌಡನೂ ಅಲ್ಲ, ಶಾನುಭೋಗನೂ ಅಲ್ಲ. ಇಂಗ್ಲೆಂಡಿನ ಕೂಲಿಯಿಂದ ಕಾರ್ಖಾನೆ ಕಿತ್ತುಕೊಂಡದ್ದು ಯೋಚಿಸುವ ಕೆಲಸವನ್ನು. ನಮ್ಮವರಿಂದ ಊರು ಕಿತ್ತುಕೊಂಡದ್ದು 'ಯೋಚಿಸಿದವರು' ಎಂಬ ಹೆಸರನ್ನು. ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದಲೇ ನಮ್ಮಲ್ಲಿ ವಿನ್ಯಾಸದ ಚರ್ಚೆ ಇಷ್ಟು ದಿನ ಸೊರಗಿದೆ ಎಂದು ನನ್ನ ತಿಳಿವಳಿಕೆ.

ಹಾಗಾಗಿ ವ್ಯಾಖ್ಯೆಯನ್ನೇ ಸ್ವಲ್ಪ ಅಲುಗಿಸಿ ನೋಡೋಣ. ಒಂದು ವಸ್ತುವನ್ನು ಯಾರು, ಹೇಗೆ, ಎಷ್ಟು ದೂರದಲ್ಲಿ ನಿಂತು ಬಳಸಬೇಕು ಎಂಬುದನ್ನು ಅದು ಕೈಗೆ ಬರುವ ಮೊದಲೇ ಗೊತ್ತುಮಾಡುವುದು ವಿನ್ಯಾಸ. ಈ ಅರ್ಥದಲ್ಲಿ ಹೋಟೆಲಿನ ಹೊರಗೆ ಸೂರಿಗೆ ಸಿಕ್ಕಿಸಿರುತ್ತಿದ್ದ ತೆಂಗಿನ ಚಿಪ್ಪು ಒಂದು ವಿನ್ಯಾಸ. ಬಾವಿಕಟ್ಟೆಯಿಂದ ಇಷ್ಟು ಮಾರು ಆಚೆ ಇಡಬೇಕಾಗಿದ್ದ ಮಡಕೆ ಒಂದು ವಿನ್ಯಾಸ. ಇವನ್ನು ಯಾವ ಎಂಜಿನಿಯರೂ ಬರೆದುಕೊಡಲಿಲ್ಲ, ಆದರೂ ಅಳತೆ ತಪ್ಪಲಿಲ್ಲ. ಅಂದಹಾಗೆ 'ವಿನ್ಯಾಸ' ಎಂಬ ಮಾತಿನೊಳಗೇ 'ನ್ಯಾಸ' ಕೂತಿದೆ. ನ್ಯಾಸ ಎಂದರೆ ಇಡುವುದು. ಪೂಜೆಗೆ ಕೂತವರು ಮಂತ್ರ ಹೇಳಿ ಮೈಯ ಒಂದೊಂದು ಅಂಗವನ್ನೂ ಮುಟ್ಟಿಕೊಳ್ಳುವುದಕ್ಕೂ ಅದೇ ಮಾತು: ಅಂಗನ್ಯಾಸ, ಕರನ್ಯಾಸ. ಯಾವುದನ್ನು ಎಲ್ಲಿಡಬೇಕು, ಯಾವುದನ್ನು ಮುಟ್ಟಬೇಕು ಎಂಬ ಚಿಂತೆ ಈ ಪದದ ಹೊಟ್ಟೆಯೊಳಗೇ ಇದೆ. ನಮ್ಮ ಜನ ಈ ಪದ ಬಳಸುವುದಿಲ್ಲ. ಸೀರೆ ಅಂಗಡಿಯಲ್ಲಿ 'ಡಿಸೈನ್' ಅಂತಾರೆ, ಹಟ್ಟಿಯಲ್ಲಿ 'ಹದ' ಅಂತಾರೆ. ಮಣ್ಣು ಹದ, ಮುದ್ದೆ ಹದ, ತೊಗಲು ಹದ. ಆ ಮಾತಿಗೆ ಆಮೇಲೆ ಬರುತ್ತೇನೆ.

ಭಾರತದಲ್ಲಿ ಆಧುನಿಕ ವಿನ್ಯಾಸದ ಹುಟ್ಟುಪತ್ರ ಎಂದು ಎಲ್ಲರೂ ಕೈತೋರಿಸುವುದು 1958ರ ಒಂದು ವರದಿಯ ಕಡೆಗೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳನ್ನು ನೆಹರೂ ಸರ್ಕಾರ ಫೋರ್ಡ್ ಪ್ರತಿಷ್ಠಾನದ ಹಣದಲ್ಲಿ ಕರೆಸಿ, ಇಲ್ಲಿ ವಿನ್ಯಾಸದ ಶಿಕ್ಷಣ ಹೇಗಿರಬೇಕು ಎಂದು ಕೇಳಿತು. ಅವರು ಬರೆದುಕೊಟ್ಟ 'ಇಂಡಿಯಾ ರಿಪೋರ್ಟ್'ನ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ವರದಿ ಶುರುವಾಗುವುದು ಭಗವದ್ಗೀತೆಯಿಂದ. ಯಾವ ಭಾಗ ಅಂತೀರಿ? ಕೆಲಸ ಮಾಡುವುದಕ್ಕಷ್ಟೇ ನಿನಗೆ ಹಕ್ಕು, ಅದರ ಫಲಕ್ಕಿಲ್ಲ ಎನ್ನುವ ಭಾಗವೇ. ಕೈಯಲ್ಲಿ ದುಡಿದು ಫಲ ಕಾಣದವರ ದೇಶದಲ್ಲಿ ಕೈಕೆಲಸದ ಬಗ್ಗೆ ಬರೆಯುವಾಗ ಇದಕ್ಕಿಂತ ಕ್ರೂರವಾದ ಮುನ್ನುಡಿ ಸಿಗುತ್ತಿರಲಿಲ್ಲ. ಈಮ್ಸ್ ದಂಪತಿಗೆ ಇದು ತಿಳಿದಿರಲಿಕ್ಕಿಲ್ಲ. ಅವರನ್ನು ಸುತ್ತಾಡಿಸಿದವರಿಗೆ ತಿಳಿದಿರಬೇಕಿತ್ತು.

ವರದಿಯ ಹೃದಯಭಾಗ ಚೊಂಬಿನ ವರ್ಣನೆ. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಚೊಂಬು ಅತ್ಯಂತ ಚೆಲುವಾದದ್ದು ಎಂದು ಅವರು ಹೇಳುತ್ತಾರೆ. ಇದನ್ನು ಯಾವನೋ ಒಬ್ಬ ಕೂತು ಮಾಡಿದ್ದಲ್ಲ, ತಲೆಮಾರುಗಳ ಕೈ ಇದನ್ನು ತಿದ್ದಿದೆ ಎಂದೂ ಗುರುತಿಸುತ್ತಾರೆ. ಆಮೇಲೆ ಪ್ರಶ್ನೆಗಳ ಸಾಲು ಬರುತ್ತದೆ. ಎಷ್ಟು ನೀರು ಹಿಡಿಯಬೇಕು, ಹೊರುವ ಕೈ ಗಂಡಿನದೋ ಹೆಣ್ಣಿನದೋ, ತಲೆಯ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ಒಳಗೆ ಕೈಹಾಕಿ ಬೆಳಗಲು ಬಾಯಿ ಎಷ್ಟಗಲ ಇರಬೇಕು, ಇನ್ನೊಂದು ಪಾತ್ರೆಗೆ ತಾಗಿದರೆ ಸದ್ದು ಹೇಗೆ, ಕಣ್ಣು ಮುಚ್ಚಿ ಮುಟ್ಟಿದರೆ ಹಿತವೋ, ಹಳೆಯದಾದ ಮೇಲೆ ಗುಜರಿಗೆ ಏನು ಸಿಗುತ್ತದೆ, ಇನ್ನೊಬ್ಬರಿಗೆ ಕೊಡುವಾಗ ಹೇಗನ್ನಿಸುತ್ತದೆ. ಓದುತ್ತ ಹೋದರೆ ಮನಸ್ಸು ಅರಳುತ್ತದೆ. ಒಂದು ವಸ್ತುವನ್ನು ಹೀಗೆ ನೋಡಬೇಕು ಎಂದು ಯಾವ ವಿಮರ್ಶಕನಿಗೂ ಅನ್ನಿಸಬೇಕು. ಈ ಮೆಚ್ಚುಗೆಯನ್ನು ನಾನು ವ್ಯಂಗ್ಯದಿಂದ ಹೇಳುತ್ತಿಲ್ಲ.

ಇಷ್ಟೆಲ್ಲ ಕೇಳಿದವರು ಒಂದು ಪ್ರಶ್ನೆ ಮಾತ್ರ ಕೇಳಲಿಲ್ಲ: ಇದನ್ನು ಯಾರು ಮುಟ್ಟಬಹುದು? ಚೊಂಬಿನ ಹೊರಚಾಚಿದ ಅಂಚು ಎಷ್ಟು ಸೊಗಸಾಗಿ ನೀರನ್ನು ಸುರಿಯುತ್ತದೆ ಎಂದು ಕಂಡವರಿಗೆ, ಆ ನೀರು ಯಾಕೆ ಅಷ್ಟು ಎತ್ತರದಿಂದ ಸುರಿಯಬೇಕು ಎಂಬುದು ಕಾಣಲಿಲ್ಲ. ತುಟಿ ತಾಗದಂತೆ ಎತ್ತಿ ಕುಡಿಯುವುದು, ಇನ್ನೊಬ್ಬನ ಬೊಗಸೆಗೆ ಬೆರಳು ತಾಗದಂತೆ ಹೊಯ್ಯುವುದು, ಇವೆರಡಕ್ಕೂ ಚೊಂಬು ಹೇಳಿಮಾಡಿಸಿದ ಪಾತ್ರೆ. ಆಕಾರವು ಉಪಯೋಗವನ್ನು ಹಿಂಬಾಲಿಸಬೇಕು ಎಂದು ಅಮೆರಿಕದ ಲೂಯಿ ಸಲಿವನ್ 1896ರಲ್ಲಿ ಹೇಳಿದ ಮಾತನ್ನು ವಿನ್ಯಾಸದವರು ಮಂತ್ರದ ಹಾಗೆ ಜಪಿಸುತ್ತಾರೆ. ಸರಿ, ಹಾಗಿದ್ದರೆ ನಮ್ಮ ಪಾತ್ರೆಗಳ ಆಕಾರ ಹಿಂಬಾಲಿಸಿದ್ದು ಯಾವುದನ್ನು? ಬಾಯಾರಿಕೆಯನ್ನು ಎಷ್ಟೋ, ಎಂಜಲನ್ನೂ ಅಷ್ಟೇ. ಎಂಜಲು, ಮೈಲಿಗೆ, ಮಡಿ ಇವು ಈ ದೇಶದ ವಿನ್ಯಾಸ ಸೂತ್ರಗಳು. ಬೊಗಸೆಯೊಡ್ಡಿ ಬಾಗಿ ನಿಂತವನ ಬೆನ್ನಿನ ಬಾಗೂ ಆ ಚೊಂಬಿನ ಬಳುಕಿನ ಇನ್ನೊಂದು ತುದಿ. ಚೊಂಬನ್ನು ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಈ ಬೆನ್ನು ಕಾಣುವುದಿಲ್ಲ.

ಈ ಅಜ್ಞಾನಕ್ಕೆ ಕ್ಷಮೆ ಇರಬಹುದಿತ್ತು, ಈ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ ಎಂದಿದ್ದರೆ. ಆದರೆ 1927ರ ಮಾರ್ಚಿನಲ್ಲಿ ಮಹಾಡಿನ ಚವದಾರ್ ಕೆರೆಗೆ ಅಂಬೇಡ್ಕರ್ ಜನರೊಂದಿಗೆ ನಡೆದುಹೋಗಿ ನೀರು ಕುಡಿದಿದ್ದರು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ಅಂಗಡಿ, ಹೋಟೆಲುಗಳ ಹೆಸರೆತ್ತಿ ಹೇಳಿತ್ತು. ಎಲ್ಲಕ್ಕಿಂತ ಮುಖ್ಯವಾಗಿ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಸಾರ್ವಜನಿಕ ಹೋಟೆಲುಗಳಲ್ಲಿ ಇಟ್ಟಿರುವ 'ಪಾತ್ರೆಗಳ' ಬಳಕೆಗೆ ಅಡ್ಡಿ ಮಾಡುವುದು ಶಿಕ್ಷಾರ್ಹ ಎಂದು ಬರೆದಿದೆ. ಪಾರ್ಲಿಮೆಂಟು ಒಂದು ಲೋಟದ ಬಗ್ಗೆ ಕಾನೂನು ಮಾಡಿತು ಎಂದರೆ ಏನರ್ಥ? ಈ ದೇಶದಲ್ಲಿ ಪಾತ್ರೆ ಬರೀ ಪಾತ್ರೆಯಲ್ಲ ಎಂದು ಗಣರಾಜ್ಯ ಒಪ್ಪಿಕೊಂಡಿತ್ತು ಎಂದರ್ಥ. ಅದಾದ ಮೂರು ವರ್ಷಕ್ಕೆ ಬಂದ ವರದಿಯಲ್ಲಿ ಚೊಂಬು ಮತ್ತೆ ಬರೀ ಚೊಂಬಾಗಿ, ನಿಷ್ಕಲ್ಮಶ ಚೆಲುವಾಗಿ ಹೊಳೆಯಿತು. ನನ್ನನ್ನು ಕೇಳಿದರೆ ಭಾರತದ ಆಧುನಿಕ ವಿನ್ಯಾಸದ ಮೊದಲ ದಾಖಲೆ 1955ರ ಆ ಕಾಯ್ದೆ. ವಿನ್ಯಾಸ ಶಾಲೆಗಳ ಪಾಠ ಅಲ್ಲಿಂದ ಶುರುವಾಗಿದ್ದರೆ ನಮ್ಮ ಬಸ್ ನಿಲ್ದಾಣ, ನಮ್ಮ ಶಾಲೆಯ ನೀರಿನ ತೊಟ್ಟಿ, ನಮ್ಮ ಚರಂಡಿ ಬೇರೆಯಾಗಿರುತ್ತಿದ್ದವೇನೋ.

ಈಗ ಬೆಟ್ಟದ ಕಡೆಗೆ ಬರೋಣ. ದೇವರಾಯನದುರ್ಗ ನೀರಿನ ಬೆಟ್ಟ. ಜಯಮಂಗಲಿ ಹುಟ್ಟಿ ಕೊರಟಗೆರೆ, ಮಧುಗಿರಿಯ ಕಡೆ ಹರಿಯುವುದು ಇಲ್ಲಿಂದ. ಶಿಂಷಾ ಹುಟ್ಟುವುದೂ ಈ ಸಾಲಿನಲ್ಲೇ. ಮೇಲೆ ಯೋಗಾನರಸಿಂಹ, ಕೆಳಗೆ ಭೋಗಾನರಸಿಂಹ, ತಪ್ಪಲಿನ ಕಾಡಿನಲ್ಲಿ ನಾಮದ ಚಿಲುಮೆ. ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟನಂತೆ, ನೀರು ಚಿಮ್ಮಿತಂತೆ. ಬಾಣವಿಲ್ಲದವರಿಗೆ ನೀರು ಬೇಕೆಂದರೆ ತೊಗಲು ಬೇಕಾಗಿತ್ತು. ಪಂಪ್‌ಸೆಟ್ಟು ಬರುವ ತನಕ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ತೋಟಗಳಿಗೆ ಬಾವಿಯ ನೀರು ಹರಿಸಿದ್ದು ಕಪಿಲೆ. ಆ ಕಪಿಲೆಯ ಜೀವ ಅದರ ತೊಗಲಿನ ಚೀಲ.

ಈ ಚೀಲವನ್ನು ಸ್ವಲ್ಪ ನಿಂತು ನೋಡಬೇಕು, ಈಮ್ಸ್ ದಂಪತಿ ಚೊಂಬನ್ನು ನೋಡಿದ ಹಾಗೆ. ಮೇಲೆ ಅಗಲ ಬಾಯಿ, ಅದಕ್ಕೆ ಕಬ್ಬಿಣದ ಬಳೆ. ಕೆಳಗೆ ಆನೆಯ ಸೊಂಡಿಲಿನಂತೆ ಉದ್ದನೆಯ ತೊಗಲಿನ ಕೊಳವೆ. ಹಗ್ಗ ಎರಡು. ದಪ್ಪ ಹಗ್ಗ ಮೇಲಿನ ರಾಟೆಯ ಮೇಲಿಂದ ಚೀಲದ ಬಾಯಿಗೆ, ಸಣ್ಣ ಹಗ್ಗ ಬಾವಿಯ ಅಂಚಿನ ಕೆಳ ಉರುಳೆಯ ಮೇಲಿಂದ ಸೊಂಡಿಲಿನ ತುದಿಗೆ. ಎರಡನ್ನೂ ಎಳೆಯುವುದು ಒಂದೇ ಜೊತೆ ಎತ್ತು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದಂತೆ ಚೀಲ ಮೇಲೇರುತ್ತದೆ. ಏರುವಷ್ಟು ಹೊತ್ತೂ ಸಣ್ಣ ಹಗ್ಗ ಸೊಂಡಿಲನ್ನು ಮೇಲಕ್ಕೆ ಮಡಿಸಿ ಹಿಡಿದಿರುತ್ತದೆ, ನೀರು ಸೋರುವುದಿಲ್ಲ. ಚೀಲ ಅಂಚಿಗೆ ಬಂದ ಗಳಿಗೆಯಲ್ಲಿ ಅದೇ ಹಗ್ಗ ಸೊಂಡಿಲನ್ನು ತೊಟ್ಟಿಯ ಕಡೆಗೆ ಎಳೆದು ಚಾಚಿಸುತ್ತದೆ. ನೀರು ತಾನಾಗೇ ಸುರಿದುಬಿಡುತ್ತದೆ. ಬಾವಿಯ ಬಾಯಲ್ಲಿ ನಿಂತು ಚೀಲ ಮಗುಚಲು ಇನ್ನೊಬ್ಬ ಆಳು ಬೇಕಿಲ್ಲ. ಎರಡು ಹಗ್ಗದ ಉದ್ದದ ಲೆಕ್ಕ ಒಂದು ಗೇಣು ತಪ್ಪಿದರೂ ನೀರು ಬಾವಿಗೇ ವಾಪಸು. ಸೊಂಡಿಲಿನ ಹೊಲಿಗೆ ಬಿಗಿಯಾದರೆ ಮಡಿಕೆ ಬೀಳದು, ಸಡಿಲವಾದರೆ ಸೋರುತ್ತದೆ. ನಮ್ಮ ದೊಡ್ಡಪ್ಪ ಒಬ್ಬರು ಪ್ರಾಯದಲ್ಲಿ ಈ ಚೀಲ ಹೊಲಿದವರು. ಅಳತೆ ಹೇಗೆ ಹಾಕ್ತಿದ್ರಿ ಅಂತ ಕೇಳಿದರೆ, "ಬಾವಿ ನೋಡ್ಬೇಕು, ಎತ್ತು ನೋಡ್ಬೇಕು, ಆಮೇಲೆ ತೊಗ್ಲೇ ಹೇಳ್ತದೆ ಕಣ್ಲಾ" ಅನ್ನುತ್ತಿದ್ದರು. ಬಾವಿಯ ಆಳ, ಎತ್ತಿನ ಶಕ್ತಿ, ತೊಗಲಿನ ಗುಣ ಮೂರನ್ನೂ ಕೂಡಿಸಿ ಒಂದು ಆಕಾರಕ್ಕೆ ಬರುವುದನ್ನು ಅಹಮದಾಬಾದಿನಲ್ಲಿ ವಿನ್ಯಾಸ ಎನ್ನುತ್ತಾರೆ. ನಮ್ಮ ಹಟ್ಟಿಯಲ್ಲಿ ಅದನ್ನು ಹದ ಎನ್ನುತ್ತಿದ್ದರು. ಊರಿನಲ್ಲಿ ಬಿಟ್ಟಿ ಚಾಕರಿ ಎನ್ನುತ್ತಿದ್ದರು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಆಯದ ಕಾಳು ಕೊಡುತ್ತಿದ್ದರು.

ಇಲ್ಲೊಂದು ಸೋಜಿಗವಿದೆ. ಆ ಚೀಲದಿಂದ ಸುರಿದ ನೀರಿಗೆ ಮೈಲಿಗೆ ಇರಲಿಲ್ಲ. ತೋಟಕ್ಕೆ ಹರಿಯುತ್ತಿತ್ತು, ದಾರಿಹೋಕರು ತೊಟ್ಟಿಗೆ ಬಾಯಿ ಕೊಡುತ್ತಿದ್ದರು. ದನದ ತೊಗಲನ್ನು ಸುಲಿದು, ಹದ ಮಾಡಿ, ಹೊಲಿದ ಕೈ ಮಾತ್ರ ಅದೇ ಬಾವಿಗೆ ಇಳಿಯುವಂತಿರಲಿಲ್ಲ. ವಸ್ತುವಿನಿಂದ ಅದನ್ನು ಮಾಡಿದವನನ್ನು ತೊಳೆದುಹಾಕುವ ಈ ಕಲೆಯನ್ನು ಬಂಡವಾಳಶಾಹಿ ಕಲಿತದ್ದು ಇತ್ತೀಚೆಗೆ. ಕಾರ್ಖಾನೆಯ ಸರಕಿನಲ್ಲಿ ಕೂಲಿಯ ಕೈ ಕಾಣುವುದಿಲ್ಲ ಎಂದು ಮಾರ್ಕ್ಸ್‌ವಾದಿ ಗೆಳೆಯರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಕಪಿಲೆ ನೆನಪಾಗುತ್ತದೆ.

ತೊಗಲು ನೆನೆಹಾಕುವ ಬಾನಿಗೆ ಗಲ್ಲೇಬಾನಿ ಎನ್ನುತ್ತಾರೆ. ಸುಣ್ಣದಲ್ಲಿ ನೆನೆಸಿ, ಕೂದಲು ಹೆರೆದು, ತಂಗಡಿ ಚಕ್ಕೆಯ ರಸದಲ್ಲಿ ಮುಳುಗಿಸಿಟ್ಟು, ದಿನವೂ ತಿರುವಿ ನೋಡುವ ಕೆಲಸ. ತಂಗಡಿ ಈ ಸೀಮೆಯ ಕುರುಚಲು ಕಾಡಿನ ಹಳದಿ ಹೂವಿನ ಗಿಡ. ಸಂಸ್ಥಾನದ ಕಾಲದಲ್ಲೇ ತಂಗಡಿ ಚಕ್ಕೆ ಅರಣ್ಯ ಇಲಾಖೆಗೆ ಆದಾಯ ತರುವ ಕಿರು ಉತ್ಪನ್ನವಾಗಿತ್ತು. ಅಂದರೆ ಮಾದಿಗನ ಬಾನಿಯೊಳಗಿನ ರಸಾಯನಶಾಸ್ತ್ರಕ್ಕೆ ಸರ್ಕಾರದ ಲೆಕ್ಕಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತ್ತು, ಚಕ್ಕೆಯ ಹೆಸರಿನಲ್ಲಿ. ಕನ್ನಡ ಕಾವ್ಯದಲ್ಲಿ ಈ ಬಾನಿಗೆ ಒಂದು ಸಾಲು ಸಿಗಲು ತುಮಕೂರಿನಲ್ಲಿ ಬದುಕಿದ ಕೆ.ಬಿ. ಸಿದ್ದಯ್ಯ ಬರಬೇಕಾಯಿತು. 2019ರಲ್ಲಿ ನಮ್ಮನ್ನು ಅಗಲಿದ ಈ ಕವಿ ತಮ್ಮ ಒಂದು ಖಂಡಕಾವ್ಯಕ್ಕೆ 'ಗಲ್ಲೇಬಾನಿ' ಎಂದೇ ಹೆಸರಿಟ್ಟರು. ಮೂಗು ಮುಚ್ಚಿಕೊಂಡು ದಾಟುವ ಒಂದು ಪಾತ್ರೆಯನ್ನು ಕಾವ್ಯದ ಶಿರೋನಾಮೆಗೆ ಏರಿಸುವುದು ಸಣ್ಣ ಕೆಲಸವಲ್ಲ. ಚೊಂಬಿನ ಸೌಂದರ್ಯಶಾಸ್ತ್ರಕ್ಕೆ ಎದುರಾಗಿ ಇಡಬಹುದಾದ ಇನ್ನೊಂದು ಪಾತ್ರೆ ನಮಗೆ ಸಿಕ್ಕಿದ್ದು ಅಲ್ಲಿ.

ಅದಕ್ಕೂ ಮೊದಲು ನಮ್ಮ ಸಾಹಿತ್ಯದ ನೆನಪಿನಲ್ಲಿ ಉಳಿದಿದ್ದ ತೊಗಲಿನ ವಸ್ತು ಯಾವುದು? ಹರಳಯ್ಯನ ಚಮ್ಮಾವುಗೆ. ಬಸವಣ್ಣ ತನಗೆ ಮರಳಿ ಶರಣೆಂದದ್ದಕ್ಕೆ ಹರಳಯ್ಯ ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮ ತೆಗೆದು ಮೆಟ್ಟು ಹೊಲಿದರು ಎಂಬ ಕಥೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಈ ಕಥೆಯ ದೊಡ್ಡತನ ನನಗೆ ಗೊತ್ತು, ಅದನ್ನು ಕೇಳಿ ಕಣ್ಣೀರು ಹಾಕಿದವರ ಮಧ್ಯೆಯೇ ಬೆಳೆದವನು ನಾನು. ಆದರೂ ವಿಮರ್ಶಕನಾಗಿ ಕೇಳಲೇಬೇಕು. ಎಂಟು ನೂರು ವರ್ಷಗಳಲ್ಲಿ ಸಮಗಾರನೊಬ್ಬನ ಕೈಯಿಂದ ನಾಡು ನೆನಪಿಟ್ಟುಕೊಂಡದ್ದು ಯಾರೂ ಮೆಟ್ಟಲಾಗದ ಒಂದು ಜೊತೆ ಚಪ್ಪಲಿ. ಅವನು ದಿನವೂ ಹೊಲಿದ, ಜನ ದಿನವೂ ಮೆಟ್ಟಿ ಸವೆಸಿದ, ಅಟ್ಟೆ ಕಿತ್ತರೆ ಮತ್ತೆ ಹೊಲಿದುಕೊಟ್ಟ ಕೆರಗಳ ಬಗ್ಗೆ ಒಂದು ಮಾತಿಲ್ಲ. ನಮ್ಮ ಕಸುಬು ಸಾಹಿತ್ಯಕ್ಕೆ ಪ್ರವೇಶ ಪಡೆಯಬೇಕಾದರೆ ತ್ಯಾಗವಾಗಿ ಬರಬೇಕು, ಜಾಣ್ಮೆಯಾಗಿ ಬರುವಂತಿಲ್ಲ. ಜಾನಪದ ಸಂಗ್ರಹಗಳಲ್ಲೂ ಅಷ್ಟೇ: ಕಪಿಲೆ ಹೊಡೆಯುವಾಗ ಹಾಡುವ ಪದಗಳಿಗೆ ಪುಟಗಳು ಸಿಕ್ಕವು, ಕಪಿಲೆಯ ಹೊಲಿಗೆಗೆ ಎಷ್ಟು ಪುಟ ಸಿಕ್ಕವು ಎಂದು ಓದುಗರೇ ತೆರೆದು ನೋಡಬಹುದು.

ಕೈಗಾರಿಕೀಕರಣ ಈ ಚೀಲಕ್ಕೆ ಏನು ಮಾಡಿತು ಎಂಬುದು ಒಬ್ಬ ಇಂಗ್ಲಿಷರವನ ಬದುಕಿನಲ್ಲೇ ಅಡಕವಾಗಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರು ಮದರಾಸಿನಲ್ಲಿ ಕ್ರೋಮ್ ಲವಣದಿಂದ ತೊಗಲು ಹದ ಮಾಡುವ ಹೊಸ ವಿಧಾನವನ್ನು ಪ್ರಯೋಗಿಸಿದ. ನೀರಿನಲ್ಲಿ ಬೇಗ ಕೊಳೆಯದ ಈ ತೊಗಲು ಬಾವಿಯ ಚೀಲಗಳಿಗೆ ಒಗ್ಗುತ್ತದೆ ಎಂಬುದು ಅವನ ಲೆಕ್ಕಾಚಾರಗಳಲ್ಲಿ ಒಂದು. ಅದೇ ಮನುಷ್ಯ ಬಾವಿಗಳಿಗೆ ಎಣ್ಣೆ ಎಂಜಿನ್ನಿನ ಪಂಪು ಕೂರಿಸುವುದಕ್ಕೂ ಓಡಾಡಿದ. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆ ಇಲಾಖೆಯ ನಿರ್ದೇಶಕನೂ ಆದ. ಒಂದು ಕೈಯಲ್ಲಿ ಚೀಲವನ್ನು ಗಟ್ಟಿ ಮಾಡಿದ, ಇನ್ನೊಂದು ಕೈಯಲ್ಲಿ ಚೀಲವೇ ಬೇಡವಾಗಿಸಿದ. ಆಧುನಿಕ ವಿನ್ಯಾಸ ಹಳ್ಳಿಯ ವಸ್ತುವನ್ನು ನೋಡುವ ಎರಡು ಬಗೆಯೂ ಇವನಲ್ಲಿವೆ. ಸುಧಾರಿಸುವುದು, ಇಲ್ಲವೇ ಬದಲಿಸುವುದು. ಎರಡರಲ್ಲೂ ಆ ವಸ್ತುವನ್ನು ಕಂಡುಹಿಡಿದವನು ಚರ್ಚೆಗೆ ಕರೆಸಿಕೊಳ್ಳಲಿಲ್ಲ. 1960, 70ರ ದಶಕಗಳ ಹೊತ್ತಿಗೆ ಕರೆಂಟಿನ ಪಂಪ್‌ಸೆಟ್ಟು ಬಂತು, ಆಮೇಲೆ ಕೊಳವೆ ಬಾವಿ. ಚೀಲ, ಮಿಣಿ, ಬಾರುಕೋಲು ಎಲ್ಲ ಒಂದೊಂದಾಗಿ ನಿಂತವು. ಗಲ್ಲೇಬಾನಿಗಳು ಬೋರಲು ಬಿದ್ದವು.

ಇದಕ್ಕೆ ಅಳಬೇಕೆ? ಇಲ್ಲಿಯೇ ನಮ್ಮೊಳಗೆ ಜಗಳ. ಕುಶಲಕರ್ಮಿ ಜಾತಿಗಳ ತಂತ್ರಜ್ಞಾನ ನಾಶವಾದದ್ದನ್ನು ದಲಿತ ಚಿಂತನೆ ಎದುರಿಸಲೇಬೇಕು ಎಂದು ಡಿ.ಆರ್. ನಾಗರಾಜ್ ಒತ್ತಿ ಹೇಳಿದ್ದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಸತ್ತ ದನ ಹೊರುವುದಿಲ್ಲ, ತಮಟೆ ಬಡಿಯುವುದಿಲ್ಲ ಎಂದು ಕೇರಿಗೆ ಕೇರಿಯೇ ಎದ್ದು ನಿಂತ ದಿನಗಳನ್ನು ಕಂಡವರಿಗೆ ಬಾನಿ ಬೋರಲು ಬಿದ್ದದ್ದು ಸಾವಿನ ಸುದ್ದಿಯ ಹಾಗೆ ಕೇಳಿಸುವುದಿಲ್ಲ, ಬಿಡುಗಡೆಯ ಸುದ್ದಿಯಾಗಿಯೇ ಕೇಳಿಸುತ್ತದೆ. ಯಂತ್ರ ಕೆಟ್ಟದ್ದು ಎಂಬ ಗಾಂಧೀವಾದವನ್ನು ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ ಖಂಡತುಂಡವಾಗಿ ನಿರಾಕರಿಸಿದರು. ಕೆಡುಕು ಯಂತ್ರದಲ್ಲಿಲ್ಲ, ಅದರ ಲಾಭ ಕೆಲವರಿಗೇ ಸೇರುವಂತೆ ಮಾಡಿದ ಸಮಾಜದ ವ್ಯವಸ್ಥೆಯಲ್ಲಿದೆ. ಮನುಷ್ಯನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು ಎಂಬುದು ಅವರ ವಾದದ ಸಾರ. ನಮ್ಮ ಕಾಲದಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು 2017ರಲ್ಲಿ ಸತ್ಯಾಗ್ರಹ ಹೂಡಿದರು. ಅವರ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಿಲ್ಲ, ನೇಕಾರರ ಮಟ್ಟಿಗೆ ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ 'ಕೈ' ಎಂದ ಕೂಡಲೇ ನಮಗೆ ನೆನಪಾಗುವ ಕೈಗಳು ಬೇರೆ. 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಈ ದೇಶ ಒಂದು ಕೈಕೆಲಸವನ್ನು ಕಾನೂನು ಮಾಡಿ ನಿಷೇಧಿಸಬೇಕಾಯಿತು: ಮಲ ಬಾಚುವುದನ್ನು. ಅದಕ್ಕೆ ಯಂತ್ರ ಬೇಗ ಬರಲಿಲ್ಲ. ಚೀಲವನ್ನು ಅಷ್ಟು ಬೇಗ ಬದಲಿಸಿದ ಆಧುನಿಕತೆ ಮ್ಯಾನ್‌ಹೋಲಿನ ಮುಚ್ಚಳದ ಕೆಳಗೆ ಯಾಕೆ ಅಷ್ಟು ನಿಧಾನವಾಯಿತು ಎಂಬುದು ಎಂಜಿನಿಯರಿಂಗ್ ಪ್ರಶ್ನೆ ಮಾತ್ರವಲ್ಲ.

ಯಂತ್ರ ಬಂದ ಮಾತ್ರಕ್ಕೆ ಜಾತಿ ಓಡಿಹೋಗುತ್ತದೆ ಎಂದು ನಂಬುವವರಿಗೂ ಒಂದು ಉದಾಹರಣೆ ಕೊಡಬೇಕು. ಇದಕ್ಕೆ ನಮ್ಮ ಸೀಮೆ ಬಿಟ್ಟು ಮುಂಬಯಿಯ ಹತ್ತಿ ಗಿರಣಿಗಳಿಗೆ ಹೋಗಬೇಕು. ಅಲ್ಲಿ ದಲಿತರಿಗೆ ನೂಲುವ ವಿಭಾಗದಲ್ಲಿ ಕೆಲಸ ಸಿಗುತ್ತಿತ್ತು, ಹೆಚ್ಚು ಕೂಲಿಯ ನೇಯ್ಗೆ ವಿಭಾಗದಲ್ಲಿ ಇಲ್ಲ. ಕಾರಣ ಲಾಳಿ. ಕಂಡಿಕೆ ಬದಲಿಸಿದಾಗಲೆಲ್ಲ ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಹೊರಗೆ ಎಳೆಯಲು ಬಾಯಿಟ್ಟು ಹೀರಬೇಕಿತ್ತು. ಒಬ್ಬರು ಹೀರಿದ ಲಾಳಿಯನ್ನು ಇನ್ನೊಬ್ಬರು ಹೀರಬೇಕು. ಮಾದಿಗ, ಮಹಾರರ ಎಂಜಲಿನ ಲಾಳಿಗೆ ಸವರ್ಣ ಕಾರ್ಮಿಕ ಬಾಯಿ ಹಾಕುವುದಿಲ್ಲ. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದ್ದು ಕಾರ್ಮಿಕ ನಾಯಕರಿಗೆ ಇರುಸುಮುರುಸಾಗಿತ್ತು. ಗಮನಿಸಬೇಕಾದ ಸಂಗತಿ ಇದು: ಬಾಯಿಡದೆ ನೂಲು ಪೋಣಿಸುವ ಲಾಳಿ ಅದಾಗಲೇ ಜಗತ್ತಿನಲ್ಲಿತ್ತು. ಅಮೆರಿಕದ ನಾರ್ಥ್ರಾಪ್ ಮಗ್ಗ 1895ರ ಸುಮಾರಿಗೇ ಅಂಥ ಲಾಳಿಯೊಂದಿಗೆ ಮಾರುಕಟ್ಟೆಗೆ ಬಂದಿತ್ತು. ಒಂದು ಗೇಣಿನ ಮರದ ತುಂಡಿನ ಕಣ್ಣಿನ ಆಕಾರ ಸ್ವಲ್ಪ ಬದಲಾಗಿದ್ದರೆ ಸಾವಿರಾರು ಮನೆಗಳ ಕೂಲಿ ಬದಲಾಗುತ್ತಿತ್ತು. ಮಾಲೀಕನಿಗೆ ಅದು ಖರ್ಚು, ಸಂಘದವರಿಗೆ ಅದು ಸಣ್ಣ ವಿಷಯ. ವಿನ್ಯಾಸವನ್ನು ದಲಿತ ವಿಮರ್ಶೆ ಯಾಕೆ ಕೈಗೆತ್ತಿಕೊಳ್ಳಬೇಕು ಎಂದು ಕೇಳುವ ಗೆಳೆಯರಿಗೆ ನಾನು ಈ ಲಾಳಿಯನ್ನೇ ತೋರಿಸುತ್ತೇನೆ.

ಇದರ ಎದುರಿಗೆ ಪ್ಲಾಸ್ಟಿಕ್ ಬಿಂದಿಗೆಯನ್ನಿಟ್ಟು ನೋಡಿ. ಅಂದವಿಲ್ಲ, ಚಂದವಿಲ್ಲ, ಬಿಸಿಲಿಗೆ ಬಣ್ಣ ಹೋಗುತ್ತದೆ, ಯಾವ ಈಮ್ಸ್ ಕೂಡ ಇದರ ಬಗ್ಗೆ ಒಂದು ಪುಟ ಬರೆಯಲಾರ. ಆದರೆ ಇದು ಯಾರ ಕೈಯಲ್ಲಿ ಹುಟ್ಟಿತೋ ಯಾರಿಗೂ ಗೊತ್ತಿಲ್ಲ. ನಲ್ಲಿಯ ಮುಂದಿನ ಸಾಲಿನಲ್ಲಿ ಹಸಿರು, ಕೆಂಪು, ನೀಲಿ ಬಿಂದಿಗೆಗಳು ನಿಂತಾಗ ಯಾವುದು ಕೇರಿಯದು, ಯಾವುದು ಊರಿನದು ಎಂದು ಬಿಂದಿಗೆ ನೋಡಿ ಹೇಳಲಾಗದು. ತಾಮ್ರದ ಕೊಡ ಒಂದು ಮನೆ, ಮಣ್ಣಿನ ಮಡಕೆ ಇನ್ನೊಂದು ಮನೆ ಎಂದಿದ್ದ ಕಾಲದಲ್ಲಿ ಹೇಳಬಹುದಿತ್ತು. ವಸ್ತುವಿನಿಂದ ಜಾತಿಯ ಗುರುತನ್ನು ಅಳಿಸಿದ್ದು ಕೈಗಾರಿಕೀಕರಣದ ದೊಡ್ಡ ಉಪಕಾರ, ಅದನ್ನು ಕುರೂಪ ಎಂದು ಮೂಗು ಮುರಿಯುವ ದೇಸಿ ರಸಿಕರು ತಮ್ಮ ಮೂಗನ್ನು ಸ್ವಲ್ಪ ಪರೀಕ್ಷಿಸಿಕೊಳ್ಳಬೇಕು. ಹಾಗೆಂದು ಊರು ಸುಮ್ಮನೆ ಕೂರಲಿಲ್ಲ. ಚಿಪ್ಪು ಹೋಗಿ ಬೇರೆ ಲೋಟ ಬಂತು, ಬೇರೆ ಲೋಟದ ಮೇಲೆ ಕೇಸು ಬಿದ್ದಾಗ ಕೆಲವು ಹೋಟೆಲುಗಳಲ್ಲಿ ನಮ್ಮವರಿಗೆ ಮಾತ್ರ ಬಿಸಾಡುವ ಕಪ್ಪು ಬಂತು. ಕೇಳಿದರೆ 'ಕ್ಲೀನು' ಅಂತಾರೆ. ಅದೇ ಸರಕು, ಅದೇ ಕಾರ್ಖಾನೆ; ಬಳಸುವವನ ಕೈಯಲ್ಲಿ ವಿನ್ಯಾಸ ಮತ್ತೆ ಹಳೆಯದಾಗಿಬಿಟ್ಟಿತು.

ತುಮಕೂರಿಗೆ ಕಾರ್ಖಾನೆ ಬಂದದ್ದೂ ಇದೇ ಕಥೆಯ ಭಾಗ. 1978ರಲ್ಲಿ ಇಲ್ಲಿ ಎಚ್ಚೆಮ್ಟಿ ವಾಚು ಕಾರ್ಖಾನೆ ತೆರೆಯಿತು. ಸರ್ಕಾರಿ ಉದ್ಯಮವಾದ್ದರಿಂದ ಮೀಸಲಾತಿ ಇತ್ತು, ಒಂದೇ ಯೂನಿಫಾರ್ಮು, ಒಂದೇ ಕ್ಯಾಂಟೀನು, ಒಂದೇ ಸೈರನ್ನು. ಎಚ್ಚೆಮ್ಟಿಯ ಹೆಸರಾಂತ ವಾಚಿನ ಹೆಸರೇ 'ಜನತಾ'. ಕೀ ಕೊಡುವ, ಸಾದಾ ಮುಖದ, ಯಾರ ಮಣಿಕಟ್ಟಿಗೂ ಒಪ್ಪುವ ವಾಚು. ಗುಡಿಯ ಗಂಟೆ, ಗೌಡರ ಮನೆಯ ಕರೆ ಕೇಳಿ ಹೊತ್ತು ತಿಳಿಯುತ್ತಿದ್ದವನು ತನ್ನ ಕೈ ನೋಡಿಕೊಂಡು "ಟೈಮಾಯ್ತು, ಬರ್ತೀನಿ" ಅನ್ನುವಂತಾದದ್ದು ಸಣ್ಣ ಬದಲಾವಣೆಯೇನಲ್ಲ. ಕೇರಿಯ ಮದುವೆ ಫೋಟೋಗಳಲ್ಲಿ ಗಂಡು ತೋಳು ಮಡಿಸಿ ವಾಚು ಕಾಣುವಂತೆ ನಿಂತಿರುವುದನ್ನು ಶೋಕಿ ಎಂದು ನಕ್ಕವರಿದ್ದಾರೆ. ನನಗೆ ಅದು ನಗೆಯ ವಿಷಯವಾಗಿ ಯಾವತ್ತೂ ಕಂಡಿಲ್ಲ. ಆದರೂ ಎಚ್ಚೆಮ್ಟಿಯ ವಾಚು 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಯಂತ್ರರಚನೆಯ ಮೇಲೆ. ನಕ್ಷೆ ಅಲ್ಲಿಂದ ಬಂತು, ಜೋಡಿಸುವ ಕೈ ಇಲ್ಲಿಯದು. ನಮ್ಮವರಿಗೆ ಕಾರ್ಖಾನೆಯ ಬೆಂಚು ಸಿಕ್ಕಿತು, ನಕ್ಷೆಯ ಮೇಜು ಸಿಗಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಎಚ್ಚೆಮ್ಟಿ ವಾಚಿನ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದಾಗ ಬೆಂಚೂ ಹೋಯಿತು. ತುಮಕೂರಿನ ಆ ಜಾಗ ಈಗ ಇಸ್ರೋ ಕೈಯಲ್ಲಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ನಕ್ಷೆ ಬರೆಯುವ ಕಂಪ್ಯೂಟರಿನ ಮುಂದೆ ಯಾರು ಕೂತಿದ್ದಾರೆ, ಕಾರ್ಖಾನೆಯ ನೆಲ ಗುಡಿಸುವ ಗುತ್ತಿಗೆ ಯಾರ ಪಾಲಿಗಿದೆ ಎಂಬ ಲೆಕ್ಕವನ್ನು ಯಾರಾದರೂ ತೆಗೆಯಬೇಕು. ಉದ್ಘಾಟನೆಯ ಭಾಷಣಗಳಲ್ಲಿ ಅದು ಬರುವುದಿಲ್ಲ.

ಕೊನೆಗೆ ರಸ್ತೆ ಬದಿಯ ಒಂದು ಮಾತು. ರಾಜ್ಯ ಸರ್ಕಾರದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್, 1976ರಿಂದ ಇದೆ. ಶೋರೂಮಿನಲ್ಲಿ ಅದರ ಬೂಟು, ಬೆಲ್ಟು ಸಿಗುತ್ತವೆ. ಪಟ್ಟಣಗಳ ರಸ್ತೆ ಬದಿಯಲ್ಲಿ ಅದು ಕೊಟ್ಟ ಪೆಟ್ಟಿಗೆ ಅಂಗಡಿಗಳೂ ಇವೆ. ಅಂಥ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಂತರೆ ಕಾಣುವುದು ಇದು: ಕಿತ್ತುಹೋದರೆ ಬಿಸಾಡಿ ಹೊಸದು ಕೊಳ್ಳಲಿ ಎಂದೇ ಕಂಪನಿ ಮಾಡಿದ ಅಂಟಿನ ಚಪ್ಪಲಿಯೊಂದು ಬರುತ್ತದೆ. ಪೆಟ್ಟಿಗೆಯೊಳಗಿನವನು ಅದನ್ನು ತಿರುಗಿಸಿ, ಬಾಗಿಸಿ, ಹಿಮ್ಮಡಿ ಒತ್ತಿ ನೋಡುತ್ತಾನೆ. ಹಳೆಯ ಟೈರಿನ ಒಂದು ತುಂಡು ಕೊಯ್ದು ಅಡಿಗೆ ಕೊಟ್ಟು, ಅಂಟು ನಂಬದೆ ಸುತ್ತ ನಾಲ್ಕು ಹೊಲಿಗೆ ಹಾಕುತ್ತಾನೆ. ಉಂಗುಟದ ಜಾಗ ಅರ್ಧ ಬೆರಳು ಹಿಂದಕ್ಕೆ ಸರಿಸುತ್ತಾನೆ, ಯಾಕೆಂದರೆ ಮುಂದೆ ನಿಂತಿರುವ ಹೆಂಗಸಿನ ಬೆರಳು ಊದಿದೆ. "ಹಾಕ್ಕಂಡು ನೋಡಮ್ಮ, ಈಗ ಒತ್ತಲ್ಲ." ಆಕೆ ಎರಡು ಹೆಜ್ಜೆ ನಡೆದು ನೋಡಿ, ಹತ್ತು ರೂಪಾಯಿ ಹೆಚ್ಚಾಯಿತು ಎಂದು ಚೌಕಾಸಿ ಮಾಡುತ್ತಾಳೆ.